ಓನರಮ್ಮನ ಮಹಡಿಯಲ್ಲಿ ಜಾಝ್

ಕೆಲವರ ಜಾತಕದಲ್ಲಿ ಜಲಗಂಡಾಂತರ ಇರುತ್ತದೆ, ಕೆಲವರಿಗೆ ಅಗ್ನಿಗಂಡಾಂತರ. ನನ್ನದು ಕರ್ಣಗಂಡಾಂತರ ಇರಬೇಕು. ಒಂದು ಮೂಲೆಯಲ್ಲಿ ಕೂತು, ಕಣ್ಣು ಮುಚ್ಚಿ, ಕಿವಿಗೆ ಒಂದಿಷ್ಟು ಜಾಝ್ ಹಾಕಿಕೊಂಡೆ ಅಂದರೆ ಸಾಕು, ಎಲ್ಲೋ ಒಂದು ಅನಾಹುತ ಶುರುವಾಗಿರುತ್ತದೆ. ಕಣ್ಣು ಬಿಟ್ಟಾಗ ಎದುರಿಗೆ ಯಾರೋ ಬಾಯಿ ಬಿಟ್ಟುಕೊಂಡು ನಿಂತಿರುತ್ತಾರೆ. ಒಂದು ಸಲ ಆದರೆ ಆಕಸ್ಮಿಕ ಅನ್ನಬಹುದು. ನನಗೆ ಅದು ಆಗುತ್ತಲೇ ಬಂದಿದೆ, ನಾನು ಪ್ರತಿಸಲವೂ ಹೊಸದಾಗಿ ಹೌಹಾರುತ್ತಲೇ ಬಂದಿದ್ದೇನೆ.

ನಾನು ರಾಜಾಜಿನಗರದ ಒಂದು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಮೇಷ್ಟ್ರು. ಶಬ್ದ ಅಂದರೇನು, ಅದು ಗಾಳಿಯಲ್ಲಿ ಹೇಗೆ ಹೋಗುತ್ತದೆ ಅಂತ ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಕೊರೆಯುವವನು. ಜಾಝ್ ನನಗೆ ಗಂಟುಬಿದ್ದದ್ದು ಅವೆನ್ಯೂ ರೋಡಿನ ಫುಟ್‌ಪಾತಿನಲ್ಲಿ. ಒಂದು ಕ್ಯಾಸೆಟ್ಟಿನ ಮೇಲೆ ಒಬ್ಬಾತ ಕಣ್ಣು ಮುಚ್ಚಿ ಕೆನ್ನೆ ಉಬ್ಬಿಸಿ ಏನೋ ಊದುತ್ತಿದ್ದ. ಸತ್ಯನಾರಾಯಣ ಪೂಜೆಗೆ ಆಗುತ್ತೆ ಅಂತ ನಾದಸ್ವರ ಅಂದುಕೊಂಡು ತಂದೆ. ಪೂಜೆಯ ದಿನ ಹಾಕಿದರೆ ಪುರೋಹಿತರು ಎದ್ದು ನಿಂತರು, ನಾನು ಕೂತುಬಿಟ್ಟೆ. ಅವತ್ತಿನಿಂದ ಎದ್ದೇ ಇಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಜಾಝ್ ಅಮೆರಿಕದ ಕಪ್ಪು ಜನ ಕಟ್ಟಿದ ಸಂಗೀತ. ಡ್ರಮ್ಸು, ಪಿಯಾನೊ, ತುತ್ತೂರಿ, ಸ್ಯಾಕ್ಸೊಫೋನು. ಎಲ್ಲರೂ ಸೇರಿ ಒಂದು ರಾಗ ಹಿಡಿದು ಹೊರಡುತ್ತಾರೆ, ಆಮೇಲೆ ಒಬ್ಬೊಬ್ಬರೂ ತಮಗೆ ತೋಚಿದ ದಾರಿಯಲ್ಲಿ ಹೋಗಿ, ಕೊನೆಗೆ ಹೇಗೋ ಮನೆ ಸೇರುತ್ತಾರೆ.

ಮನೆ ಅಂದೆನಲ್ಲ, ನಮ್ಮ ಕಷ್ಟವೆಲ್ಲ ಮನೆಯದೇ. ವಿಜಯನಗರದಲ್ಲಿ, ಹೊಸಹಳ್ಳಿಗೆ ಅಂಟಿಕೊಂಡ ಹಾಗೆ, ಒಂದು ಬಾಡಿಗೆ ಮನೆಯ ಮಹಡಿ ಮೇಲೆ ನಾವು ಗಂಡ ಹೆಂಡತಿ ಇದ್ದೆವು. ಕೆಳಗೆ ಓನರು. ಓನರು ಅಂದರೆ ಓನರಮ್ಮ. ಓನರಪ್ಪ ಅಂತಲೂ ಒಬ್ಬರಿದ್ದರು, ಆದರೆ ಅವರು ಮಾತಾಡುತ್ತಿರಲಿಲ್ಲ. ಹಳೇ ಹೊಸಹಳ್ಳಿಯ ಮನೆತನ, ಈಗ ಬಸ್ ನಿಲ್ಲುವ ಜಾಗದಲ್ಲಿ ಅವರ ರಾಗಿ ಹೊಲ ಇತ್ತಂತೆ. ಮನೆಯಲ್ಲಿ ಕಾವೇರಿ ನೀರೂ ಇತ್ತು, ಹಿತ್ತಿಲಲ್ಲಿ ಬತ್ತದ ಬಾವಿಯೂ ಇತ್ತು. ಬೆಂಗಳೂರಿನ ಪಶ್ಚಿಮ ದಿಕ್ಕಿನಲ್ಲಿ ಇಂಥ ಮನೆ ಸಿಗುವುದು ಪೂರ್ವಜನ್ಮದ ಪುಣ್ಯ. ನನ್ನ ಹೆಂಡತಿ ಮೊದಲ ದಿನವೇ ಹೇಳಿಬಿಟ್ಟಿದ್ದಳು: "ರೀ, ಇಲ್ಲಿ ನಲ್ಲಿ ತಿರುಗಿಸಿದ್ರೆ ನೀರು ಬರುತ್ತೆ. ನಿಮ್ಮ ಜಾಝ್‌ನಿಂದ ಏನಾದ್ರೂ ಈ ಮನೆ ಬಿಡೋ ಹಾಗಾದ್ರೆ, ನೀವು ಹೋಗಿ. ನಾನು ಬಾವಿ ಜೊತೆ ಇಲ್ಲೇ ಇರ್ತೀನಿ."

ಹೂವಿನ ಹಾರ

ಆಗಿನ್ನೂ ನನ್ನ ಹತ್ತಿರ ಸ್ಪೀಕರುಗಳಿದ್ದವು. ಒಂದು ಭಾನುವಾರ ಬೆಳಿಗ್ಗೆ, ಹೆಂಡತಿ ತರಕಾರಿಗೆ ಹೋಗಿದ್ದಾಗ, ಒಂದು ಬಹಳ ನಿಧಾನದ ತುತ್ತೂರಿ ಹಾಕಿಕೊಂಡು ಮಲಗಿದ್ದೆ. ಎಂಥ ತುತ್ತೂರಿ ಅಂತೀರಿ! ಒಂದೊಂದು ಸ್ವರವೂ ಕರುಳು ಹಿಡಿದು ಎಳೆಯುತ್ತಿತ್ತು. ಅದಕ್ಕೆ ಹಿಂದಿನಿಂದ ಡ್ರಮ್ಸಿನವನು ಆಗೊಂದು ಈಗೊಂದು ಏಟು ಹಾಕುತ್ತಿದ್ದ.

ನಾನು ಮರೆತದ್ದು ಒಂದೇ. ಆ ಬೀದಿಯಲ್ಲಿ ತುತ್ತೂರಿಯೂ ಡೋಲೂ ಅಷ್ಟು ನಿಧಾನಕ್ಕೆ ಕೇಳುವುದು ಒಂದೇ ಸಂದರ್ಭದಲ್ಲಿ. ಕೆಳಗೆ ಓನರಮ್ಮನ ಮಾವ, ನಮಗೆಲ್ಲ ತಾತ, ಹಾಸಿಗೆ ಹಿಡಿದು ತಿಂಗಳುಗಳಾಗಿದ್ದವು.

ಗದ್ದಲ ಕೇಳಿ ಬಾಲ್ಕನಿಗೆ ಬಂದು ನೋಡಿದರೆ, ಗೇಟಿನ ಮುಂದೆ ಅರ್ಧ ಹೊಸಹಳ್ಳಿ ನಿಂತಿದೆ. ಗಂಡಸರು ಹೆಗಲ ಮೇಲೆ ಟವೆಲ್ ಹಾಕಿಕೊಂಡಿದ್ದಾರೆ. ಶಾಮಿಯಾನದವನು ಆಟೋದಿಂದ ಪ್ಲಾಸ್ಟಿಕ್ ಕುರ್ಚಿ ಇಳಿಸುತ್ತಿದ್ದಾನೆ. ಎದುರುಮನೆಯವರು ದೊಡ್ಡ ಹಾರ ಹಿಡಿದು ಬಂದಿದ್ದಾರೆ. ಓನರಮ್ಮ ಹಾಲಿನ ಪಾತ್ರೆ ಹಿಡಿದುಕೊಂಡು, "ಯಾರಿಗೇನಾಯ್ತು? ಯಾಕೆಲ್ಲ ನಮ್ಮನೆಗೆ ಬಂದವ್ರೆ?" ಅಂತ ಬಾಗಿಲಲ್ಲೇ ನಿಂತುಬಿಟ್ಟಿದ್ದಾರೆ.

ಅಷ್ಟರಲ್ಲಿ ತಾತ ಹಾಸಿಗೆಯಿಂದೆದ್ದು ಗೋಡೆ ಹಿಡಿದುಕೊಂಡು ಹೊರಗೇ ಬಂದುಬಿಟ್ಟರು. "ಯಾರ್ಲಾ ಹೋಗಿದ್ದು?" ಅಂತ ಕೇಳಿದರು. ಎದುರುಮನೆಯವರು ಹಾರವನ್ನು ಬೆನ್ನ ಹಿಂದೆ ಬಚ್ಚಿಟ್ಟರು.

ತಾತ ಅದನ್ನು ನೋಡಿಬಿಟ್ಟರು. "ತಂದಿದ್ದು ತಂದಿದ್ದೀಯ, ವಾಪಸ್ ಯಾಕೆ ತಗೊಂಡೋಗ್ತೀಯ," ಅಂದರು. "ಫ್ರಿಜ್ಜಲ್ಲಿ ಮಡುಗು."

ಡ್ಯಾಮೇಜ್ ಪೀಸು

ಅವತ್ತು ಮಧ್ಯಾಹ್ನವೇ ಓನರಮ್ಮ ಮೇಲಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. "ಮೇಷ್ಟ್ರೇ, ಇನ್ಮೇಕೆ ನಿಮ್ಮ ಪೀಪಿ ಸದ್ದು ನನ್ನ ಕಿವಿಗೆ ಬಿದ್ರೆ ಮನೆ ಖಾಲಿ ಮಾಡಿ, ಅಷ್ಟೇಯ." ಅವರಿಗೆ ತುತ್ತೂರಿ, ಸ್ಯಾಕ್ಸೊಫೋನು, ಕ್ಲಾರಿನೆಟ್ಟು ಎಲ್ಲವೂ ಪೀಪಿಯೇ. ಹೆಂಡತಿ ನನ್ನ ಕಡೆ ನೋಡಿದ ನೋಟಕ್ಕೆ ಹೆದರಿ ಮರುದಿನವೇ ಸ್ಪೀಕರು ಮೂಟೆ ಕಟ್ಟಿ, ಹೆಡ್‌ಫೋನು ತರಲು ಎಸ್.ಪಿ. ರೋಡಿಗೆ ಹೋದೆ.

ಇಲ್ಲಿ ಸ್ವಲ್ಪ ಶಾಸ್ತ್ರ ಹೇಳಬೇಕು. ಎಲ್ಲ ಜಾಝ್‌ಗೂ ಒಂದೇ ಹೆಡ್‌ಫೋನು ಆಗುವುದಿಲ್ಲ, ಮುದ್ದೆಗೂ ಚಪಾತಿಗೂ ಒಂದೇ ಸಾರು ಆಗದ ಹಾಗೆ. ಹತ್ತಿಪ್ಪತ್ತು ಜನ ಒಟ್ಟಿಗೆ ಊದುವ ದೊಡ್ಡ ಬ್ಯಾಂಡಿಗೆ ಹಿಂಭಾಗ ತೆರೆದಿರುವ, ಜಾಲರಿಯ ಹೆಡ್‌ಫೋನು ಬೇಕು, ಆಗಲೇ ಸದ್ದು ಉಸಿರಾಡುವುದು. ಒಬ್ಬ ಹಾಡುಗಾರ್ತಿ, ಜೊತೆಗೊಂದು ಪಿಯಾನೊ ಅಂದರೆ ಕಿವಿಯನ್ನು ಪೂರ್ತಿ ಮುಚ್ಚುವುದು ಬೇಕು, ಅವಳು ಕಿವಿಯಲ್ಲೇ ಹಾಡಿದ ಹಾಗಿರುತ್ತದೆ. ಓಡೋಡಿ ಬಾರಿಸುವ ಜಾಝ್‌ಗೆ ಹಗುರದ್ದು, ಚಿಕ್ಕದು.

ಅಂಗಡಿಯವನಿಗೆ ಇದನ್ನೆಲ್ಲ ವಿವರಿಸಿದೆ. ಅವನು ಕೇಳಿಕೊಂಡು, "ಸಾರ್, ಮನೇಲಿ ಎಷ್ಟು ಜನ ಇದೀರಾ?" ಅಂದ.

"ಇಬ್ಬರು. ಆದ್ರೆ ಮೂರೂ ನನಗೇ."

ಅವನು ಪಕ್ಕದ ಅಂಗಡಿಯವನ ಕಡೆ ಒಂದು ಸಲ ನೋಡಿದ. ಆಮೇಲೆ ಟೆಸ್ಟ್ ಮಾಡಲು ನನ್ನದೇ ಸಿಡಿ ಹಾಕಿಸಿದೆ. ಅದರಲ್ಲಿ ಡ್ರಮ್ಸಿನವನು ಕೋಲಿನ ಬದಲು ತಂತಿಯ ಕುಂಚ ಹಿಡಿದು ಚರ್ಮದ ಮೇಲೆ ಸರ್ರ್ ಸರ್ರ್ ಅಂತ ಸವರುತ್ತಾನೆ. ಅದೇ ಅದರ ಸೊಗಸು. ಅಂಗಡಿಯವನು ತಾನೊಮ್ಮೆ ಕಿವಿಗೆ ಹಾಕಿಕೊಂಡು ಮುಖ ಕಿವುಚಿದ. "ಸಾರ್, ಗರಗರ ಬರ್ತಿದೆ. ಪೀಸ್ ಹೋಗಿದೆ." ಇನ್ನೊಂದು ತೆಗೆದ. ಅದರಲ್ಲೂ ಸರ್ರ್. ಮತ್ತೊಂದು ತೆಗೆದ. ಸಿಡಿಯನ್ನು ಈಚೆ ತೆಗೆದು ತನ್ನ ಷರ್ಟಿಗೆ ಉಜ್ಜಿದ. ನಾನು ಕಿರುಚಿಕೊಂಡೆ. ಕೊನೆಗೆ ಅವನ ಮುಖ ಪೂರ್ತಿ ಬಿಳಿಚಿಕೊಂಡಿತು. ಇಡೀ ಲಾಟೇ ಹೋಗಿದೆ ಅಂತ ತೀರ್ಮಾನ ಮಾಡಿ, "ಬೇಡ ಸಾರ್, ಡ್ಯಾಮೇಜ್ ಮಾಲು ನಿಮಗೆ ಕೊಟ್ರೆ ದೇವರು ಮೆಚ್ಚಲ್ಲ," ಅಂತ ಎಲ್ಲವನ್ನೂ ಡಬ್ಬಕ್ಕೆ ತುಂಬತೊಡಗಿದ.

"ಅಣ್ಣಾ, ನನಗೆ ಆ ಗರಗರಾನೇ ಬೇಕಾಗಿರೋದು!" ಅಂತ ಅವನ ಕೈ ಹಿಡಿದುಕೊಂಡೆ.

ಅವನು ಡಬ್ಬ ಮತ್ತೆ ಬಿಚ್ಚಿದ. ಮೂರನ್ನೂ ಕಟ್ಟಿಕೊಟ್ಟ. ನಾನು ಮೆಟ್ಟಿಲಿಳಿಯುವಾಗ ಪಕ್ಕದ ಅಂಗಡಿಗೆ ಕೂಗಿ ಹೇಳುತ್ತಿದ್ದ: "ಮಚ್ಚಾ, ನಿನ್ ಹತ್ರ ಹೋಗಿರೋ ಪೀಸ್ ಏನೇ ಇದ್ರೂ ತೆಗೆದಿಡು. ಗಿರಾಕಿ ಸಿಕ್ಕಿದ್ದಾರೆ!"

ಸೋರಿಕೆ

ಹಿಂಭಾಗ ತೆರೆದ ಹೆಡ್‌ಫೋನಿನಲ್ಲಿ ಸದ್ದು ಉಸಿರಾಡುತ್ತದೆ ಅಂದೆನಲ್ಲ, ಅದು ಹೊರಗೂ ಉಸಿರು ಬಿಡುತ್ತದೆ ಅನ್ನುವುದನ್ನು ಫಿಸಿಕ್ಸ್ ಮೇಷ್ಟ್ರಾದ ನಾನೇ ಯೋಚಿಸಲಿಲ್ಲ. ನಾನು ಕೂರುತ್ತಿದ್ದ ಕಿಟಕಿ ಮಹಡಿ ಮೆಟ್ಟಿಲ ಪಕ್ಕಕ್ಕೇ ಇತ್ತು. ಅದೇ ಗೋಡೆಯಲ್ಲಿ ಟ್ಯಾಂಕಿನ ಪೈಪು ಇಳಿದಿತ್ತು. ನಾನು ದೊಡ್ಡ ಬ್ಯಾಂಡು ಜೋರಾಗಿ ಇಟ್ಟು ಕೇಳುತ್ತಿದ್ದರೆ, ಮೆಟ್ಟಿಲ ಮೇಲೆ ಓಡಾಡುವವರಿಗೆ ತಾಳದ ತಟ್ಟೆಯ ಸದ್ದು ಮಾತ್ರ ಕೇಳುತ್ತಿತ್ತು: ಚಿಸ್ಸ್... ಚಿಸ್ಸ್... ಚಿಸ್ಸ್.

ಓನರಮ್ಮ ನೀರಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಎಲ್ಲೋ ಪೈಪು ಸೋರುತ್ತಿದೆ ಅಂತ ಎರಡು ದಿನ ಗೋಡೆಗೆ ಕಿವಿಯಿಟ್ಟು ಓಡಾಡಿದರಂತೆ. ಮೂರನೇ ದಿನ ಪ್ಲಂಬರನ್ನು ಕರೆಸಿದರು. ಗದಗಿನ ಕಡೆಯವನು, ಮೂಡಲಪಾಳ್ಯದಲ್ಲಿ ರೂಮು ಮಾಡಿಕೊಂಡಿದ್ದ. ಅವನೂ ಕಿವಿಯಿಟ್ಟು, "ಹೌದ್ರಿ ಅಮ್ಮಾರ, ಸೋರಾಕ್ಹತ್ತೈತಿ," ಅಂದ. ಉಳಿ ಸುತ್ತಿಗೆ ತೆಗೆದ.

ಒಳಗೆ ನಾನು ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದೆ. ಇದ್ದಕ್ಕಿದ್ದ ಹಾಗೆ ಹಾಡಿನಲ್ಲಿ ತಳದ ಸದ್ದು ಧಡ್ ಧಡ್ ಅಂತ ತಲೆಬುರುಡೆಗೇ ಬಡಿಯತೊಡಗಿತು. ಆಹಾ, ಇದಪ್ಪಾ ಹೆಡ್‌ಫೋನು ಅಂದರೆ, ಅಂದುಕೊಂಡು ವಾಲ್ಯೂಮು ಇನ್ನಷ್ಟು ಏರಿಸಿದೆ. ಹೊರಗೆ ಚಿಸ್ಸ್ ಕೂಡ ಏರಿತು. ಪ್ಲಂಬರ್ ಇನ್ನೂ ಜೋರಾಗಿ ಹೊಡೆದ. ಒಂದು ಹಿಡಿ ಗಾರೆ ನನ್ನ ನೆತ್ತಿಯ ಮೇಲೆ ಉದುರಿದಾಗಲೇ ನಾನು ಕಣ್ಣು ಬಿಟ್ಟದ್ದು. ಗೋಡೆಯಲ್ಲಿ ಒಂದು ತೂತು, ತೂತಿನಲ್ಲಿ ಒಂದು ಕಣ್ಣು!

ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು ಹೊರಗೆ ಓಡಿದೆ. ಓನರಮ್ಮ ನಿಂತಿದ್ದರು. ಚಿಸ್ಸ್ ಚಿಸ್ಸ್ ಇನ್ನೂ ನಡೆದೇ ಇತ್ತು. ಪ್ಲಂಬರ್ ತಲೆ ಓರೆ ಮಾಡಿ ಗೋಡೆ ಕೇಳಿದ, ಮೆಟ್ಟಿಲು ಕೇಳಿದ, ಆಮೇಲೆ ನನ್ನ ಹತ್ತಿರ ಬಂದು ಬಗ್ಗಿ ನನ್ನ ಎದೆ ಕೇಳಿದ.

"ಅಮ್ಮಾರ, ಇನ್ನ ಹುಡುಕೂದು ಬ್ಯಾಡ್ರಿ," ಅಂತ ಉಳಿ ಕೆಳಗಿಟ್ಟ. "ನಳ ಸರ್ ಕೊಳ್ಳಾಗ ಐತ್ರಿ."

ವಾಕಿಂಗ್

ಗೋಡೆ ನಾನೇ ಕಟ್ಟಿಸಿಕೊಟ್ಟೆ. ಆದರೂ ಓನರಮ್ಮ ನನ್ನನ್ನು ಕಂಡರೆ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದರು. ಹೆಂಡತಿ ಒಂದು ಉಪಾಯ ಹೂಡಿದಳು. ಓನರಪ್ಪನಿಗೆ ಸಕ್ಕರೆ ಕಾಯಿಲೆ, ಡಾಕ್ಟ್ರು ನಡೆಯಬೇಕು ಅಂದಿದ್ದರು. "ದಿನಾ ಬೆಳಿಗ್ಗೆ ಪಾರ್ಕಿಗೆ ಅವರನ್ನ ಕರ್ಕೊಂಡು ಹೋಗಿ. ಓನರಮ್ಮನ ಮನಸ್ಸು ಕರಗುತ್ತೆ," ಅಂದಳು. ಓನರಮ್ಮ ಒಪ್ಪಿದರು. ಆದರೆ ಗಂಡನಿಗೆ ಒಂದು ಕಟ್ಟಪ್ಪಣೆ ಮಾಡಿದರು: "ಮೇಷ್ಟ್ರ ಕೈ ಹಿಡ್ಕಂಡೇ ನಡೀಬೇಕು. ಬಿಟ್ರೆ ನೀವು ಬೋಂಡಾ ಅಂಗಡಿಗೆ ಹೋಯ್ತೀರ."

ನಾನು ವಾಕಿಂಗಿಗೆ ಮೂರನೆಯದನ್ನು, ಆ ಚಿಕ್ಕ ಹಗುರದ್ದನ್ನು ಹಾಕಿಕೊಂಡೆ. ಅದಕ್ಕೆ ಹೊಂದುವುದು ಓಡೋಡಿ ಬಾರಿಸುವ ಜಾಝ್. ಅದರ ವೇಗ ಹೇಳಿ ಪ್ರಯೋಜನವಿಲ್ಲ, ಬಾರಿಸುವವರ ಮನೆಗೆ ಬೆಂಕಿ ಬಿದ್ದಿದೆಯೇನೋ ಅನ್ನಬೇಕು. ನನ್ನ ಕಾಲು ನನಗೇ ತಿಳಿಯದೆ ಅದರ ಹಿಂದೆ ಹೋಗುತ್ತದೆ. ಮೊದಲ ಸುತ್ತಿನಲ್ಲಿ ಕೈ ಸ್ವಲ್ಪ ಎಳೆದ ಹಾಗಾಯಿತು. ಆಮೇಲೆ ಭಾರವಾಯಿತು. ಸ್ಯಾಕ್ಸೊಫೋನಿನವನು ತಾರಕಕ್ಕೆ ಏರಿದಾಗ ನಾನೂ ಏರಿದೆ. ಪಾರ್ಕಿನ ಹಿರಿಯರೆಲ್ಲ ದಾರಿ ಬಿಟ್ಟು ಹುಲ್ಲಿನ ಮೇಲೆ ಹತ್ತಿ ನಿಂತದ್ದು ಕಾಣಿಸಿತು. ಎಷ್ಟು ಗೌರವ ಇವರಿಗೆ ಮೇಷ್ಟ್ರ ಮೇಲೆ ಅಂತ ಖುಷಿಯಾಯಿತು.

ಹಾಡು ಮುಗಿದಾಗ ತಿರುಗಿ ನೋಡಿದೆ. ಅಯ್ಯೋ ದೇವರೇ! ಓನರಪ್ಪನ ಪಂಚೆ ಮೊಣಕಾಲಿಗೇರಿದೆ, ಒಂದು ಚಪ್ಪಲಿ ಇಲ್ಲ, ಮುಖ ಬದನೆಕಾಯಿ ಬಣ್ಣ. ಆದರೂ ಹೆಂಡತಿಯ ಮಾತಿಗೆ ಕಟ್ಟುಬಿದ್ದು ನನ್ನ ಕೈ ಮಾತ್ರ ಬಿಟ್ಟಿಲ್ಲ!

ಆಟೋದಲ್ಲಿ ಮಲಗಿಸಿಕೊಂಡು ಹೊರಟೆ. ಓನರಪ್ಪ ಬಾಯಿ ಆಡಿಸಿದರು. ಆ ಮನೆಗೆ ಬಂದಾಗಿನಿಂದ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮೇಷ್ಟ್ರೇ," ಅಂದರು ಏದುಸಿರು ಬಿಡುತ್ತಾ, "ನಾಳೆಯಿಂದ... ಸ್ಪೀಕರ್ ಹಾಕ್ಕಂಡು... ಮನೇಲೇ ಇರಿ."

ಹಿತಕಿದ ಬೇಳೆ ಸಾರು

ಓನರಪ್ಪ ಬದುಕಿಕೊಂಡರು. ಅಷ್ಟೇ ಅಲ್ಲ, ಮುಂದಿನ ಸಲ ಸಕ್ಕರೆ ಪರೀಕ್ಷೆ ಮಾಡಿಸಿದಾಗ ಇಳಿದಿತ್ತಂತೆ. ಅದಕ್ಕೇ ಇರಬೇಕು, ಅವರೆಕಾಯಿ ಕಾಲದಲ್ಲಿ ಒಂದು ಸಂಜೆ ಓನರಮ್ಮ ತಾವಾಗಿಯೇ ಮನಸ್ಸು ಮಾಡಿ, ಬಿಸಿಬಿಸಿ ಹಿತಕಿದ ಬೇಳೆ ಸಾರು ಹಿಡಿದು ಮೇಲೆ ಬಂದರು. ಆ ಸಾರಿನ ಘಮ ವಿಜಯನಗರದಿಂದ ಬಸವೇಶ್ವರನಗರಕ್ಕೆ ಹೋಗುತ್ತಿತ್ತು. ನನಗೆ ಮಾತ್ರ ಬರಲಿಲ್ಲ, ಯಾಕೆಂದರೆ ನೆಗಡಿ. ಬಾಗಿಲು ಬಡಿದದ್ದೂ ಕೇಳಲಿಲ್ಲ, ಯಾಕೆಂದರೆ ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನಿನೊಳಗೆ ಹಾಡುಗಾರ್ತಿ ಹಾಡುತ್ತಿದ್ದಳು. ನಾನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೆ.

ಹೆಂಡತಿ ಎದುರಿಗೆ ಬಂದು, ಎದ್ದೇಳಿ, ಬಾಗಿಲಿಗೆ ಯಾರು ಬಂದಿದ್ದಾರೆ ನೋಡಿ ಅಂತ ಸಂತೋಷದಿಂದ ಕೈಸನ್ನೆ ಮಾಡಿದಳು. ನಾನು ಮೆಲ್ಲಗೆ ಅವಳಿಗಷ್ಟೇ ಕೇಳುವ ಹಾಗೆ ಪಿಸುಗುಟ್ಟಿದೆ. ಪಿಸುಗುಟ್ಟಿದೆ ಅಂತ ನನ್ನ ಲೆಕ್ಕ. ಕಿವಿ ಮುಚ್ಚಿದವನಿಗೆ ತನ್ನ ಗಂಟಲಿನ ಅಂದಾಜು ಸಿಗುವುದಿಲ್ಲ. ನಾನು ಪಿಸುಗುಟ್ಟಿದ್ದು ಕೆಳಗೆ ತಾತನಿಗೂ ಕೇಳಿಸಿತಂತೆ.

"ಓನರಮ್ಮ ಆದ್ರೆ ನಾನು ಮನೇಲಿಲ್ಲ ಅಂತ ಹೇಳು! ಆ ಬಜಾರಿ ಮುಖ ಯಾರು ನೋಡ್ತಾರೆ!"

ಹೆಂಡತಿಯ ಮುಖ ಸುಣ್ಣದಂತಾಯಿತು. ಅವಳ ಕಣ್ಣು ಹೋದ ಕಡೆಗೆ ನಾನೂ ತಿರುಗಿದೆ. ಹೊಸ್ತಿಲಲ್ಲಿ ಓನರಮ್ಮ, ಕೈಯಲ್ಲಿ ಹಬೆಯಾಡುವ ಪಾತ್ರೆ. ನನ್ನ ಬಾಯಿ ತೆರೆದದ್ದು ತೆರೆದೇ ಇತ್ತು. ಭೂಮಿ ಬಾಯಿ ಬಿಡಬಾರದೇ ಅನಿಸಿತು, ಆದರೆ ಮಹಡಿಯ ಮೇಲೆ ಆ ಸೌಕರ್ಯವೂ ಇಲ್ಲ.

ಓನರಮ್ಮ ಕೂಗಾಡಲಿಲ್ಲ. ಪಾತ್ರೆಯ ಮೇಲೆ ತಟ್ಟೆ ಮುಚ್ಚಿದರು.

"ಮೇಷ್ಟ್ರು ಮನೇಲಿಲ್ವಂತಲ್ಲವ್ವ," ಅಂದರು ನನ್ನ ಹೆಂಡತಿಗೆ. "ಇಲ್ದೇ ಇರೋರಿಗೆ ಸಾರು ಯಾಕೆ, ಮನೆ ಯಾಕೆ? ಯುಗಾದಿ ಒಳಗೆ ಖಾಲಿ ಮಾಡಿ."

ಮಗ್ಗದ ಮನೆ

ಹೆಂಡತಿ ಆ ಮುಚ್ಚುವ ಹೆಡ್‌ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗದಕೈಯನ್ನು ತಾಳಿಸರಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಬಾವಿಕಟ್ಟೆಯ ಹತ್ತಿರ ಹೋಗಿ ಅತ್ತಳು. ಅದನ್ನು ನೋಡಲಾಗದೆ ಕ್ಷಮೆ ಕೇಳಲು ಎರಡು ಸಲ ಕೆಳಗೆ ಹೋದೆ. "ಮೇಷ್ಟ್ರು ಇಲ್ವಲ್ಲ, ಇವ್ರು ಯಾರು?" ಅಂತ ಓನರಮ್ಮ ಹಿತ್ತಿಲಲ್ಲಿ ಕಟ್ಟಿದ್ದ ತಮ್ಮ ಹಸುವನ್ನು ಕೇಳಿದರು.

ಮನೆ ಹುಡುಕಲು ಶುರುಮಾಡಿದೆವು. ಆರ್‌ಪಿಸಿ ಲೇಔಟಿನಲ್ಲಿ ಒಂದು ಚೆಂದದ ಮನೆ, ನೀರು ವಾರಕ್ಕೊಂದು ಸಲ. ಕೆಂಗೇರಿಯ ಕಡೆ ಒಂದು, ನೀರು ಟ್ಯಾಂಕರಿನಲ್ಲಿ. ಹೆಂಡತಿ ಪ್ರತಿ ಮನೆಯಲ್ಲೂ ನಲ್ಲಿ ತಿರುಗಿಸಿ ನೋಡುವಳು, ನಲ್ಲಿ ಬರೀ ಗಾಳಿ ಬಿಡುವುದು, ಅವಳು ನನ್ನ ಕಡೆ ನೋಡುವಳು.

ಮೂಡಲಪಾಳ್ಯದಲ್ಲಿ ನೀರಿರುವ ಒಂದು ಮನೆ ಸಿಕ್ಕಿತು. ಆದರೆ ಕೆಳಗೆ ಪವರ್‌ಲೂಮು. ನಾಲ್ಕು ಮಗ್ಗ ಒಟ್ಟಿಗೆ ಓಡುತ್ತಿದ್ದವು. ಓನರು ಬೇಸರದ ಮುಖದಿಂದ ಕೂಗಿ ಹೇಳಿದರು, "ಸ್ವಲ್ಪ ಸದ್ದು ಇದೆ ಸಾರ್. ಬಂದೋರೆಲ್ಲ ಬೈದುಕೊಂಡು ಹೋಗ್ತಾರೆ. ಬಾಡಿಗೆಯಲ್ಲಿ ಕಮ್ಮಿ ಮಾಡ್ಕೊಡ್ತೀನಿ."

ನಾನು ಕೇಳುತ್ತಾ ನಿಂತೆ. ಒಂದು ಮಗ್ಗ ಟಕಟಕ ಅಂದರೆ ಇನ್ನೊಂದು ಅರ್ಧ ತಾಳ ತಪ್ಪಿಸಿ ಟಕ್ಕಟ ಅನ್ನುತ್ತಿತ್ತು. ಮೂರನೆಯದು ಅವೆರಡರ ನಡುವೆ ನುಗ್ಗುತ್ತಿತ್ತು. ಕಾಲು ತಾನಾಗಿ ತಟ್ಟತೊಡಗಿತು. "ಆಹಾ! ಏನು ಲಯ ರೀ ಇದು! ಇದನ್ನ ಕೇಳೋಕೆ ಜನ ದುಡ್ಡು ಕೊಡ್ಬೇಕು!" ಅಂದುಬಿಟ್ಟೆ.

ಹೆಂಡತಿ ಹಣೆ ಚಚ್ಚಿಕೊಂಡಳು. ಓನರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಬೇಸರದ ಮುಖ ಮೆಲ್ಲಗೆ ಅರಳಿತು.

"ಹಾಗಾದ್ರೆ ಬಾಡಿಗೆ ಜಾಸ್ತಿ ಆಗುತ್ತೆ ಸಾರ್," ಅಂದರು.

ಬಿಡಬೇಡ

ಯುಗಾದಿ ಹತ್ತಿರ ಬಂತು, ಮನೆ ಸಿಗಲಿಲ್ಲ. ಪಾತ್ರೆಗಳನ್ನು ಹೆಂಡತಿ ಗೋಣಿಚೀಲಕ್ಕೆ ತುಂಬುತ್ತಿದ್ದಳು, ಒಂದೊಂದು ಪಾತ್ರೆ ಹಾಕುವಾಗಲೂ ಅದು ನನ್ನ ತಲೆ ಅನ್ನುವ ಹಾಗೆ ಹಾಕುತ್ತಿದ್ದಳು. ಆ ಮಂಗಳವಾರ ಬೆಳಿಗ್ಗೆ ನಾನು ಸ್ನಾನ ಮಾಡಿ, ಪಂಚೆ ಉಟ್ಟು, ದೇವರಿಗೆ ಕೈಮುಗಿದು ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟುಕೊಂಡೆ. ಆದದ್ದಾಗಲಿ, ಈ ಮನೆಯಲ್ಲಿ ಕೊನೆಯ ಸಲ ಒಂದು ಜಾಝ್ ಕೇಳಿಬಿಡೋಣ ಅನಿಸಿತು.

ಜಾಝ್‌ನಲ್ಲಿ ಒಂದು ಜಾತಿಯಿದೆ, ಅದರಲ್ಲಿ ಯಾರ ಮಾತನ್ನೂ ಯಾರೂ ಕೇಳುವುದಿಲ್ಲ. ಸ್ಯಾಕ್ಸೊಫೋನು ಕಿರುಚುತ್ತದೆ, ಡ್ರಮ್ಸು ಬೊಬ್ಬೆ ಹೊಡೆಯುತ್ತದೆ, ರಾಗವೂ ಇಲ್ಲ, ಮನೆ ಸೇರುವ ಆಸೆಯೂ ಇಲ್ಲ. ಮನೆ ಕಳೆದುಕೊಳ್ಳುವವನಿಗೆ ಅದೇ ಸರಿ. ಮುಚ್ಚುವ ಹೆಡ್‌ಫೋನು ಬೀರುವಿನಲ್ಲಿ, ಚಿಕ್ಕದಕ್ಕೆ ಈ ಗಲಾಟೆ ತಾಳುವ ಶಕ್ತಿಯಿಲ್ಲ. ಉಳಿದದ್ದು ಸೋರುವುದು. ಸದ್ದು ಹೊರಗೆ ಹೋಗಬಾರದಲ್ಲ, ಅದಕ್ಕೆ ಹೆಡ್‌ಫೋನಿನ ಮೇಲೆ ಹೆಂಡತಿಯ ಅರಿಶಿನ ಬಣ್ಣದ ದಪ್ಪ ಟವೆಲನ್ನು ಪೇಟದ ಹಾಗೆ ಬಿಗಿಯಾಗಿ ಸುತ್ತಿಕೊಂಡೆ. ವೈರು ಬೆನ್ನ ಹಿಂದೆ ಇಳಿಯಿತು. ಷರ್ಟು ಹಾಕಿಕೊಂಡಿರಲಿಲ್ಲ, ಸೆಖೆ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚಿದೆ.

ಮುಂದಿನದು ನಾನು ನೋಡಿದ್ದಲ್ಲ, ಹೆಂಡತಿ ಆಮೇಲೆ ಹೇಳಿದ್ದು. ಹೊಸ ಬಾಡಿಗೆಯವರಿಗೆ ಮನೆ ತೋರಿಸಲು ಓನರಮ್ಮ ಒಂದು ಜೋಡಿ ಗಂಡ ಹೆಂಡತಿಯನ್ನು ಕರೆದುಕೊಂಡು ಮೇಲೆ ಬಂದರಂತೆ. ಬಾಗಿಲು ತೆರೆದಿತ್ತು. ಒಳಗೆ ನಾನು. ಬರಿಮೈ, ಹಣೆಯಲ್ಲಿ ಕುಂಕುಮ, ತಲೆಗೆ ಅರಿಶಿನದ ವಸ್ತ್ರ. ಮೈ ಹಿಂದಕ್ಕೂ ಮುಂದಕ್ಕೂ ತೂಗುತ್ತಿದೆ, ಕೈ ನೆಲ ಬಡಿಯುತ್ತಿದೆ, ಬಾಯಿಯಿಂದ "ಹ್ಸ್ಸ್! ಹ್ಸ್ಸ್! ಹೂಂ!" ಅಂತ ಹೊರಡುತ್ತಿದೆ.

"ಅಯ್ಯೋ ನನ್ತಾಯಿ!" ಅಂತ ಓನರಮ್ಮ ಕೂಗಿದರಂತೆ. "ಮಂಗಳವಾರ! ಮೇಷ್ಟ್ರ ಮೈಮೇಲೆ ಮಾರಮ್ಮ ಬಂದವ್ಳೆ!"

ಬೇವಿನಸೊಪ್ಪು ಬಂತು, ಅರಿಶಿನದ ನೀರಿನ ಚೊಂಬು ಬಂತು, ಕರ್ಪೂರ ಬಂತು. ಅಕ್ಕಪಕ್ಕದ ಹೆಂಗಸರೆಲ್ಲ ಬಂದರು. ಮನೆ ನೋಡಲು ಬಂದ ದಂಪತಿ ಮೆಟ್ಟಿಲಲ್ಲೇ ನಿಂತರು. ಎದುರುಮನೆಯವರ ಹೆಂಡತಿ ಕೈಮುಗಿದು, "ತಾಯೀ, ನನ್ನ ಮಗನಿಗೆ ಹೆಣ್ಣು ಯಾವಾಗವ್ವಾ ಕೂಡಿಬರುತ್ತೆ?" ಅಂದರು. ನನ್ನ ಕಿವಿಯೊಳಗೆ ಡ್ರಮ್ಸಿನವನ ಸರದಿ ಬರುತ್ತಿತ್ತು. ನಾನು ಆನಂದದಿಂದ, "ಬಂತು! ಬಂತು! ಇನ್ನೇನು ಬಂದೇ ಬಿಡ್ತು!" ಅಂದೆ. ಆಕೆ ಅಲ್ಲೇ ಅತ್ತುಬಿಟ್ಟರಂತೆ.

ಆಗ ಓನರಮ್ಮ ಮುಂದೆ ಬಂದು ಮಂಡಿಯೂರಿದರು. "ತಾಯೀ, ಕ್ವಾಪ ಮಾಡ್ಕೋಬ್ಯಾಡ. ಈ ಮೇಷ್ಟ್ರ ಮನೆಯೋರ್ನ ಯುಗಾದಿಗೆ ಬಿಡುಸ್ಬೇಕು ಅಂತಿವ್ನಿ. ಬಿಡ್ಸಲಾ? ಇಟ್ಕಳ್ಳಲಾ? ನೀನೇ ಹೇಳವ್ವ."

ಕಿವಿಯೊಳಗೆ ಡ್ರಮ್ಸಿನವನು ಕೈ ಸೋತು ಏಟು ಸಡಿಲ ಮಾಡಿದ. ನನಗೆ ತಡೆಯಲಾಗಲಿಲ್ಲ. ನೆಲ ಗುದ್ದಿ ಅವನಿಗೆ ಕೂಗಿದೆ:

"ಬಿಡಬೇಡ! ಬಿಡಬೇಡ! ಹಿಡ್ಕೋ! ಬಿಟ್ಟೆ ಅಂದ್ರೆ ಹಾಳಾಗ್ತೀಯ!"

ಮುಖಕ್ಕೆ ಒಂದು ಚೊಂಬು ಅರಿಶಿನದ ನೀರು ಬಿತ್ತು. ಬೆಚ್ಚಿಬಿದ್ದು ಕಣ್ಣು ಬಿಟ್ಟೆ. ನಾನು ಆ ಮನೆಯಲ್ಲಿ ಕಣ್ಣು ಬಿಟ್ಟು ಏನೇನೋ ನೋಡಿದ್ದೇನೆ, ಆದರೆ ಇಂಥದ್ದಲ್ಲ. ಕೋಣೆಯ ತುಂಬ ಹೆಂಗಸರು, ಹೊಗೆ, ಬೇವು. ನನ್ನ ಎದುರಿಗೆ ಓನರಮ್ಮ ಕೈಮುಗಿದಿದ್ದಾರೆ. ಎಲ್ಲಕ್ಕಿಂತ ಹೆಚ್ಚು ಗಾಬರಿಯಾದದ್ದು, ನನ್ನ ಹೆಂಡತಿ, ಟವೆಲನ್ನು ನಾನು ಯಾಕೆ ಸುತ್ತಿಕೊಂಡೆ ಅಂತ ಚೆನ್ನಾಗಿ ಗೊತ್ತಿದ್ದ ನನ್ನ ಹೆಂಡತಿ, ನನ್ನ ಕಾಲ ಮೇಲೆ ಹಣೆಯಿಟ್ಟು, "ಅಮ್ಮಾ, ನಿನ್ನ ಮಾತೇ ಕೊನೆ!" ಅನ್ನುತ್ತಿದ್ದಾಳೆ. ಬಾವಿ ನೀರಿಗಾಗಿ ಅವಳು ಎಲ್ಲಿಯವರೆಗೆ ಹೋಗಬಲ್ಲಳು ಅಂತ ನನಗೆ ಅವತ್ತೇ ತಿಳಿದದ್ದು.

ಗಾಬರಿಯಲ್ಲಿ ಎದ್ದು ನಿಂತೆ. ನೆನೆದ ಟವೆಲು ಜಾರಿತು. ಹೆಡ್‌ಫೋನು ಕುತ್ತಿಗೆಗೆ ಬಿತ್ತು. ಆ ನಿಶ್ಶಬ್ದದಲ್ಲಿ ಎಲ್ಲರಿಗೂ ಕೇಳಿಸಿತು: ಚಿಸ್ಸ್... ಚಿಸ್ಸ್... ಚಿಸ್ಸ್.

ಓನರಮ್ಮನ ಮುಗಿದ ಕೈ ಮೆಲ್ಲಗೆ ಕೆಳಗಿಳಿಯಿತು. ನನ್ನ ಹೆಂಡತಿ ತಲೆ ಎತ್ತಲೇ ಇಲ್ಲ. ಇನ್ನು ಸುಳ್ಳು ಹೇಳುವುದು ಮೇಷ್ಟ್ರಾದವನಿಗೆ ಆಗಲಿಲ್ಲ.

"ಅಮ್ಮಾ, ತಪ್ಪಾಯ್ತು," ಅಂದೆ. "ಮೈಮೇಲೆ ಯಾರೂ ಬಂದಿಲ್ಲ. ಡ್ರಮ್ಸ್ ಕೇಳ್ತಿದ್ದೆ, ಅಷ್ಟೇ. ಅದಕ್ಕೇ ಹಾಗೆ ಕುಣಿದೆ."

"ಡ್ರಮ್ಸು ಅಂದ್ರೆ? ತಮಟೆನಾ?"

"ಒಂಥರಾ ತಮಟೇನೇ."

"ಮತ್ತೆ?" ಅಂದರು ಓನರಮ್ಮ. "ತಮಟೆ ಬಡೀದೇ ನಮ್ಮಮ್ಮ ಯಾವತ್ತು ಬಂದವ್ಳೆ? ಎಲ್ಲಿ, ಕೊಡಿ ಇಲ್ಲಿ."

ನಾನು ಕೊಡುವ ಮೊದಲೇ ನನ್ನ ಕುತ್ತಿಗೆಯಿಂದ ಹೆಡ್‌ಫೋನು ಕಿತ್ತುಕೊಂಡು, ಮುಡಿದ ಹೂವಿನ ಮೇಲೆಯೇ ಹಾಕಿಕೊಂಡು, ಕಣ್ಣು ಮುಚ್ಚಿದರು. ಹೆಂಡತಿ ನನ್ನ ಕಾಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಓನರಮ್ಮನ ಮುಖ ಮೊದಲು ಗಂಟಾಯಿತು. ಆಮೇಲೆ ಕತ್ತು ಸ್ವಲ್ಪ ಆಡಿತು. ಆಮೇಲೆ ಕಾಲಿನ ಹೆಬ್ಬೆರಳು. ಹೊಸ ಬಾಡಿಗೆಗೆ ಬಂದಿದ್ದ ದಂಪತಿ ಇದನ್ನು ನೋಡಿ, ಚಪ್ಪಲಿಯನ್ನು ಕೈಯಲ್ಲೇ ಹಿಡಿದುಕೊಂಡು ಮೆಟ್ಟಿಲಿಳಿದು ಓಡಿದರು.

ಹಾಡು ಮುಗಿಯುವವರೆಗೂ ಕೇಳಿ ಓನರಮ್ಮ ಕಣ್ಣು ಬಿಟ್ಟರು. ಹೆಡ್‌ಫೋನು ತೆಗೆದು ನನ್ನ ಕೈಗಿಟ್ಟು, ಸೆರಗಿನಿಂದ ಬೆವರು ಒರೆಸಿಕೊಂಡರು.

"ಮೇಷ್ಟ್ರೇ, ಆ ತಮಟೆಯೋನು ಎಷ್ಟು ದಿನ ಬೇಕಾದ್ರೂ ಈ ಮನೇಲಿರ್ಲಿ, ನೀವೂ ಇರಿ," ಅಂದರು. "ಆ ಪೀಪಿಯೋನ್ನ ಮಾತ್ರ ಯುಗಾದಿ ಒಳಗೆ ಖಾಲಿ ಮಾಡ್ಸಿ."